ನಾಲ್ಕಕ್ಕೆ ನಾಲ್ಕು ಪಾಯಿಂಟ್ ನಾಲ್ಕು

ಗೆಳತಿಯರೇ, ಇಲ್ಲಿ ಗಲ್ಫಿನಲ್ಲಿ ನಮ್ಮವರು ಇವತ್ತು ಅರ್ಧ ದಿನ ರಜೆ ಹಾಕಿ ಮಗಳ ಶಾಲೆಗೆ ಹೊರಟರು. ಅಂಕ ಕಡಿಮೆ ಬಂದಿದ್ದಕ್ಕಲ್ಲ, ಜಾಸ್ತಿ ಬಂದಿದೆ ಎಂದು ದೂರು ಕೊಡಲು! ರಿಪೋರ್ಟ್ ಕಾರ್ಡಿನಲ್ಲಿ ಜಿಪಿಎ, ಅಂದರೆ ಎಲ್ಲ ವಿಷಯಗಳ ಸರಾಸರಿ ಅಂಕ, ನಾಲ್ಕಕ್ಕೆ 4.4 ಇತ್ತು.

"ಬುಟ್ಟ್ಯಾಗ ನಾಕು ರೊಟ್ಟಿ ಇಟ್ರ ನಾಕೂವರಿ ಹ್ಯಾಂಗ ತಿಂತಾರ? ನಾಳೆ ಕಾಲೇಜಿನವ್ರು ಕಳ್ಳ ಲೆಕ್ಕ ಅಂದ್ರ?" ಎಂದರು ನನಗೆ.

"ಪಪ್ಪಾ, ಪ್ಲೀಸ್, ಡೋಂಟ್!" ಮಗಳು ಅಳುವುದೊಂದು ಬಾಕಿ.

ಶಾಲೆಯಲ್ಲಿ ಲೆಬನಾನಿನ ಕೌನ್ಸೆಲರ್ ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. ಕಠಿಣ ವಿಷಯ ತೆಗೆದುಕೊಂಡವರಿಗೆ ಈ ಶಾಲೆ ಒಂದು ಪಾಯಿಂಟ್ ಹೆಚ್ಚು ಕೊಡುತ್ತದೆ. ಪಕ್ಕದ ಶಾಲೆ ಅರ್ಧ ಕೊಡುತ್ತದೆ, ಅದರಾಚೆಯದು ಏನೂ ಕೊಡುವುದಿಲ್ಲ. ಕಾಲೇಜುಗಳು ಕೊನೆಗೆ ತಮ್ಮದೇ ಲೆಕ್ಕ ಹಾಕಿಕೊಳ್ಳುತ್ತವೆ.

"ಹಾಗಾದರೆ ಈ ಲೆಕ್ಕ ಯಾರಿಗೆ?" ಎಂದು ಇವರು ಕೇಳಿದರು.

"ನಿಮ್ಮಂಥ ತಂದೆಯಂದಿರ ಸಂತೋಷಕ್ಕೆ. ಖಲಾಸ್!"

ಖಾಲಿದಿಯಾ ಬಡಾವಣೆಯ ನಮ್ಮ ಮನೆ ಮುಟ್ಟುವಷ್ಟರಲ್ಲಿ ಇವರಿಗೆ ನಿಜಕ್ಕೂ ಸಂತೋಷವಾಗಿತ್ತು. ಹುಬ್ಬಳ್ಳಿಯ ಅಣ್ಣನಿಗೆ ಫೋನ್ ಹಚ್ಚಿದರು. ಅಣ್ಣ ಪರ್ಸೆಂಟೇಜ್ ಕೇಳಿದ್ದಕ್ಕೆ ಇವರು, "ನೂರಾ ಹತ್ತು, ಅಣ್ಣಾ" ಎಂದರು.

"ಏನ್ರೀ ಇದು, ತಿದ್ದಿ ಹೇಳ್ರಿ" ಎಂದೆ.

"ಲೆಕ್ಕ ಬರೋಬ್ಬರಿ ಅದ. ಬೇಕಾದ್ರ ಕ್ಯಾಲ್ಕುಲೇಟರ್ ಒತ್ತಿ ನೋಡು."

ಈ ರಜೆಗೆ ಊರಿಗೆ ಹೋದರೆ ಮಗಳನ್ನು ನೋಡಲು ಓಣಿಯೇ ಸೇರುತ್ತದೆ, ಬಿಡಿ.