ಹೊಗೆ ನಿಂತಿತು, ನಾನು ಕಳ್ಳನಾದೆ

ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಮ್ಮ ಕಡೆ ಇನ್ನೂ ನಿಜಾಮರ ಆಡಳಿತ. ನಾನು ಸೇಡಂನ ತೊಗರಿ ವ್ಯಾಪಾರಿ ಸಾಹುಕಾರರೊಬ್ಬರ ಮೋಟಾರು ಓಡಿಸುತ್ತಿದ್ದೆ. ಹೈದರಾಬಾದಿನಿಂದ ಕೊಂಡು ತಂದ ಹಳೇ ಗಾಡಿ. ಚಾಲೂ ಮಾಡಿದರೆ ಸಾಕು, ಹಿಂದಿನಿಂದ ಭುಸುಭುಸು ನೀಲಿ ಹೊಗೆ. ಎಂಜಿನ್ನಿಗೆ ಎಷ್ಟು ಎಣ್ಣೆ ಹಾಕಿದರೂ ಚಿಂಚೋಳಿಗೆ ಹೋಗಿಬರುವಷ್ಟರಲ್ಲಿ ಅರ್ಧ ಇಳಿದಿರುತ್ತಿತ್ತು.

ಒಂದು ದಿನ ಸಾಹುಕಾರರು ಅಂಗಡಿಯಲ್ಲಿ ಮಂದಿಯ ಎದುರಿಗೇ ಕೇಳಿದರು: "ಶರಣಪ್ಪಾ, ಎಣ್ಣಿ ಎಲ್ಲಿ ಮಾರ್ಲಿಕತ್ತೀ?"

ನನಗೆ ಮೈಯೆಲ್ಲ ಉರಿದುಹೋಯಿತು. "ಇಂಜಿನ್ನೇ ಸುಡ್ಲಿಕತ್ತದ್ರಿ ಧಣಿ. ಆ ಹೊಗಿ ಎಣ್ಣೀದೇ ಅದರಿ" ಎಂದೆ.

"ಹೊಗಿ ಬ್ಯಾರೆ, ಎಣ್ಣಿ ಬ್ಯಾರೆ. ನನಗ ಹುಚ್ಚ ಮಾಡಬ್ಯಾಡ. ಖರೇ ಇದ್ದರ ಕೊರಳಾಗಿನ ಲಿಂಗ ಹಿಡಿದು ಹೇಳು."

ಡಬ್ಬಿ ಎಣ್ಣೆಗಾಗಿ ಲಿಂಗ ಹಿಡಿದು ಆಣೆ ಮಾಡಬೇಕೇ? ಸಾಧ್ಯವಿಲ್ಲ ಎಂದೆ. ನನ್ನನ್ನು ಕಳ್ಳನೆನ್ನಲು ಅವರಿಗೆ ಅಷ್ಟೇ ಸಾಕಾಯಿತು.

ಮುಂದೊಮ್ಮೆ ಚಿಂಚೋಳಿಯ ಬೀಗರ ಪಡಸಾಲೆಗೆ ಹೊಗೆ ನುಗ್ಗಿ ಎಲ್ಲರೂ ಕೆಮ್ಮತೊಡಗಿದರು. ಮರ್ಯಾದೆ ಹೋಯಿತೆಂದು ಸಾಹುಕಾರರು ರಿಪೇರಿಗೆ ಒಪ್ಪಿದರು. ಗಾಡಿಯನ್ನು ಶಹಾಬಾದಿಗೆ ಒಯ್ದು, ಮಿಸ್ತ್ರಿಯ ಜೊತೆ ಕೂತು ಎಂಜಿನ್ ಬಿಚ್ಚಿಸಿದೆ. ಪಿಸ್ಟನ್ ರಿಂಗುಗಳು ಸವೆದುಹೋಗಿದ್ದವು. ಎಣ್ಣೆ ಆ ಸಂದಿಯಿಂದ ಮೇಲೇರಿ ಪೆಟ್ರೋಲಿನ ಜೊತೆ ಸುಡುತ್ತಿತ್ತು. "ನೋಡಪಾ, ಕಳ್ಳ ಇಲ್ಲಿ ಕುಂತಾನ" ಎಂದು ಮಿಸ್ತ್ರಿ ನಕ್ಕ. ಹೊಸ ರಿಂಗು ಹಾಕಿದೆವು, ಹೊಗೆ ನಿಂತಿತು. ಸವೆದ ರಿಂಗುಗಳನ್ನು ತಂದು ತೋರಿಸಿದರೆ ಸಾಹುಕಾರರು ಕಣ್ಣೆತ್ತಿಯೂ ನೋಡಲಿಲ್ಲ.

ಮತ್ತೆ ಚಿಂಚೋಳಿಗೆ ಹೋಗಿಬಂದೆವು. ಎಣ್ಣೆ ಇಳಿದಿರಲಿಲ್ಲ! ಖುಷಿಯಿಂದ ಎಣ್ಣೆ ನೋಡುವ ಕಡ್ಡಿಯನ್ನು ಹಿಡಿದುಕೊಂಡೇ ಅಂಗಡಿಯೊಳಗೆ ಓಡಿದೆ. ಅವತ್ತು ತೊಗರಿ ಮಾರಲು ನಮ್ಮ ಸೇಡಂ ಕಡೆಯದೇ ಆದ ಮುಧೋಳದಿಂದ ನನ್ನ ಮಾವನೂ, ಅಂದರೆ ಹೆಂಡತಿಯ ತಂದೆಯೂ, ಬಂದು ಕೂತಿದ್ದರು.

"ನೋಡ್ರಿ ಧಣಿ, ಎಣ್ಣಿ ಇದ್ದಷ್ಟೇ ಅದ!"

ಸಾಹುಕಾರರು ಮಂದಿಯ ಕಡೆ ತಿರುಗಿದರು. "ಅವತ್ತ ಬೈದದ್ದು ಛಲೋ ಆತು ನೋಡ್ರಿ. ಕಳವು ಬಿಟ್ಟಾನ."

ಅಂಗಡಿಯೆಲ್ಲ ಗೊಳ್ಳೆಂದು ನಕ್ಕಿತು. ಇದೆಂಥ ನ್ಯಾಯ ಹೇಳಿ! ಕೀಲಿಕೈಯನ್ನು ಅವರ ಗಾದಿಯ ಮೇಲೆ ಎಸೆದು ಹೊರಗೆ ಬಂದೆ. ಮಾವ ಹಿಂದೆಯೇ ಬಂದರು. ಸಮಾಧಾನ ಹೇಳುತ್ತಾರೆ ಅಂದುಕೊಂಡೆ. ಅವರು ನನ್ನ ಮುಖ ನೋಡದೆ ಮೆಲ್ಲಗೆ ಕೇಳಿದರು:

"ಆಗಿದ್ದು ಆತು ಬಿಡ್ರಿ. ನನ್ನ ಮುಂದರ ಖರೇ ಹೇಳ್ರಿ, ಎಲ್ಲಿ ಮಾರ್ತಿದ್ರಿ?"

ಸಾಹುಕಾರರೂ ಮಾವನೂ ತೀರಿಹೋಗಿ ಎಷ್ಟೋ ಕಾಲವಾಯಿತು. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಆ ಗಾಡಿ ಹೊಗೆ ಕಾರುತ್ತಲೇ ಇದ್ದಿದ್ದರೆ ಒಬ್ಬರಾದರೂ ನನ್ನನ್ನು ನಂಬುತ್ತಿದ್ದರೇನೋ.