ಬೋಂಡ ಕಿಟ್ಟು ತಿಂದ ಭಾನುವಾರ

ಹೋದ ಭಾನುವಾರ ನಮ್ಮ ಬೋಂಡ ತನ್ನ ಫಸ್ಟ್ ಏಯ್ಡ್ ಕಿಟ್ಟನ್ನು ತಾನೇ ತಿಂದುಬಿಟ್ಟ.

ಬೋಂಡ ಅಂದರೆ ನಮ್ಮ ನಾಯಿ. ಹೌದು, ನೀವು ಸರಿಯಾಗಿಯೇ ಓದಿದಿರಿ. ನಾಯಿಗೆ ಏನಾದರೂ ಆದರೆ ಕೈಗೆ ಸಿಗಲಿ ಎಂದು ಜೋಡಿಸಿಟ್ಟ ಕಿಟ್ಟಿನಿಂದಲೇ ನಾಯಿಗೆ ಏನಾದರೂ ಆಗುವಂತೆ ಮಾಡುವುದು ಎಲ್ಲರ ಕೈಲೂ ಆಗುವ ಕೆಲಸವಲ್ಲ. ಅದಕ್ಕೆ ನನ್ನಷ್ಟು ಮುತುವರ್ಜಿ ಬೇಕು.

ಈ ಅಂಕಣವನ್ನು ತಪ್ಪದೆ ಓದುವವರಿಗೆ ಬೋಂಡ ಗೊತ್ತು. ಹೊಸಬರಿಗೆ ಹೇಳುವುದಾದರೆ, ಮೈಸೂರಿನ ಬನ್ನಿಮಂಟಪದ ನಮ್ಮ ರಸ್ತೆಯ ಚರಂಡಿ ಪಕ್ಕ ಸಿಕ್ಕಿದ ಮರಿ, ಈಗ ಬೆಳೆದು ದಪ್ಪಗಾಗಿದ್ದಾನೆ. ಬಣ್ಣ ಬೋಂಡದ್ದು, ಆಕಾರವೂ ಅದರದ್ದೇ. ತಿನ್ನುವ ವಿಷಯದಲ್ಲಿ ಮೇಲು ಕೀಳು ನೋಡುವವನಲ್ಲ. ಅನ್ನ, ಚಪ್ಪಲಿ, ಕನ್ನಡಕದ ಡಬ್ಬಿ, ಎಲ್ಲವೂ ಒಂದೇ. (ಪೇಪರನ್ನೂ ತಿಂದಿದ್ದಾನೆ. ಅದರಲ್ಲೂ ನನ್ನ ಅಂಕಣ ಬಂದ ಪುಟವನ್ನೇ. ನನ್ನ ಗಂಡ ಅದನ್ನು ವಿಮರ್ಶೆ ಅಂತ ಕರೆದರು.)

ನನಗೆ ಕಿಟ್ಟಿನ ಹುಚ್ಚು ಹಿಡಿದದ್ದು ಎದುರು ಮನೆಯ ಲ್ಯಾಬ್ರಡಾರ್‌ನಿಂದ. ಒಂದು ದಿನ ಅದಕ್ಕೆ ಜೇನುಹುಳ ಕಚ್ಚಿ ಮುಖ ಕುಂಬಳಕಾಯಿ ಥರ ಊದಿಕೊಂಡಿತು. ಮನೆಯವರೆಲ್ಲ ಸುತ್ತ ನಿಂತು ಅಯ್ಯೋ ಅಯ್ಯೋ ಅಂದರೇ ಹೊರತು ಏನು ಮಾಡಬೇಕೆಂದು ಒಬ್ಬರಿಗೂ ತೋಚಲಿಲ್ಲ. (ಎಲ್ಲರಿಗಿಂತ ಜೋರಾಗಿ ಅಯ್ಯೋ ಅಂದವಳು ನಾನು.) ಅವತ್ತೇ ತೀರ್ಮಾನ ಮಾಡಿದೆ. ನಮ್ಮ ಮನೆಯಲ್ಲಿ ಹೀಗಾಗಕೂಡದು.

ಆಮೇಲೆ ಏನು ಮಾಡಿದೆ? ಎಲ್ಲರೂ ಮಾಡುವುದನ್ನೇ. ಶಾಪಿಂಗ್.

ಕೆಂಪು ಬಣ್ಣದ ಬ್ಯಾಗು ತಂದೆ. ಹತ್ತಿ, ಗಾಯಕ್ಕೆ ಸುತ್ತುವ ಬಟ್ಟೆ, ಪ್ಲಾಸ್ಟರ್, ಕತ್ತರಿ, ಟಾರ್ಚು, ಹೊದಿಕೆ, ನೋವಿನಲ್ಲಿ ಕಚ್ಚದ ಹಾಗೆ ಮೂತಿಗೆ ಹಾಕುವ ಪಟ್ಟಿ. ಒಂದು ಥರ್ಮಾಮೀಟರು. (ಅದನ್ನು ನಾಯಿಗೆ ಎಲ್ಲಿ ಇಟ್ಟು ಜ್ವರ ನೋಡಬೇಕೆಂದು ವಿವರಿಸಿದ ದಿನದಿಂದ ನಮ್ಮವರು ಮನೆಯ ಯಾವ ಥರ್ಮಾಮೀಟರನ್ನೂ ಬಾಯಿಗೆ ಇಟ್ಟುಕೊಂಡಿಲ್ಲ.) ಮನುಷ್ಯರ ಮಾತ್ರೆ ನಾಯಿಗೆ ವಿಷವಾಗಬಹುದು ಎಂದು ಓದಿದ್ದರಿಂದ ಒಂದೇ ಒಂದು ಮಾತ್ರೆಯನ್ನೂ ಇಡಲಿಲ್ಲ. ಕೊನೆಗೆ, ರೋಗಿಯನ್ನು ಸಮಾಧಾನ ಮಾಡಲು ಬೇಕಲ್ಲ ಎಂದು, ಕೋಳಿಯ ವಾಸನೆ ಬರುವ ಬಿಸ್ಕತ್ತಿನ ಒಂದು ದೊಡ್ಡ ಪ್ಯಾಕೆಟ್ಟು.

ಆ ಬಿಸ್ಕತ್ತನ್ನು ಇಟ್ಟಾಗ ನನಗಾದ ಹೆಮ್ಮೆಯನ್ನು ನೀವು ನೋಡಬೇಕಿತ್ತು.

ಬ್ಯಾಗು ತುಂಬಿದ ಮೇಲೆ ರಿಹರ್ಸಲ್ ಬೇಡವೇ? ಪೆಟ್ಟಾದ ನಾಯಿಯನ್ನು ಬೆಡ್‌ಶೀಟಿನ ಮೇಲೆ ಮಲಗಿಸಿ ಸಾಗಿಸುವುದು ಹೇಗೆ, ಉಸಿರು ಎಣಿಸುವುದು ಹೇಗೆ ಎಂದು ವಿಡಿಯೋ ನೋಡಿ ಅಭ್ಯಾಸ ಮಾಡಬೇಕಲ್ಲ? ಬೆಡ್‌ಶೀಟು ಹಾಸಿದ್ದೇ ತಡ, ಬೋಂಡ ಅದರ ತುದಿ ಕಚ್ಚಿಕೊಂಡು ಓಡಿದ. ಹೀಗಾಗಿ ನಾಯಿಯ ಪಾತ್ರ ನಮ್ಮವರ ಪಾಲಿಗೆ ಬಂತು. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದ ಮನುಷ್ಯ, ಬೂಟು ಬಿಚ್ಚಿ ಹಾಲ್‌ನಲ್ಲಿ ಮಲಗಿದರು. ನಾನು ನಾಡಿ ನೋಡಿದೆ. ಎದೆಯ ಏರಿಳಿತ ಎಣಿಸಿದೆ. ತುಟಿ ಎತ್ತಿ ವಸಡಿನ ಬಣ್ಣ ನೋಡಿದೆ. ನಾಯಿಯ ಲೆಕ್ಕದಲ್ಲಿ ಎಲ್ಲಾ ನಾರ್ಮಲ್ ಎಂದು ಸರ್ಟಿಫಿಕೇಟನ್ನೂ ಕೊಟ್ಟೆ. ಅವರು ಎದ್ದು ಹೋಗಿ ಕಾಫಿ ಬಿಸಿ ಮಾಡಿಕೊಂಡರು.

ಅಲ್ಲಿಂದ ಮುಂದೆ ಬೋಂಡ ಹೋದಲ್ಲೆಲ್ಲ ಕೆಂಪು ಬ್ಯಾಗು ಹೋಯಿತು. ಛತ್ರಿ ಮರೆತಿದ್ದೇನೆ, ಮೊಬೈಲ್ ಮರೆತಿದ್ದೇನೆ, ಒಮ್ಮೆ ಮದುವೆಗೆ ಹೋಗುವಾಗ ಉಡುಗೊರೆಯನ್ನೇ ಮರೆತಿದ್ದೇನೆ. ಬ್ಯಾಗು ಮಾತ್ರ ಮರೆತವಳಲ್ಲ.

ಭಾನುವಾರ ಕಡಕೊಳದಲ್ಲಿರುವ ನಾದಿನಿ ಸವಿತಾಳ ಮನೆಗೆ ಊಟಕ್ಕೆ ಹೋದೆವು. ಅವಳ ಅತ್ತೆಗೆ ನಾಯಿ ಕಂಡರೆ ಭಯ. ಹಾಗಾಗಿ ಬೋಂಡನನ್ನು ಒಳಗಿನ ಸಣ್ಣ ರೂಮಿನಲ್ಲಿ ಬಿಟ್ಟು ಬಾಗಿಲು ಹಾಕಿದೆವು. ಬ್ಯಾಗನ್ನೂ ನಾನೇ ಅಲ್ಲಿಟ್ಟೆ. ರೋಗಿ ಒಂದು ಕಡೆ, ಔಷಧಿ ಒಂದು ಕಡೆ ಇದ್ದರೆ ಆಗುತ್ತದೆಯೇ?

ಊಟ ಸೊಗಸಾಗಿತ್ತು. ಊಟದ ನಡುವೆ ಸವಿತಾಗೆ ನಾಯಿ ಸಾಕುವವರ ಜವಾಬ್ದಾರಿಯ ಬಗ್ಗೆ ದೊಡ್ಡ ಉಪನ್ಯಾಸವನ್ನೇ ಕೊಟ್ಟೆ. (ಅವರ ಮನೆಯಲ್ಲಿ ನಾಯಿ ಇಲ್ಲ.) ಜಗಲಿಯಲ್ಲಿ ಕೂತು ಎಲೆ ಅಡಿಕೆಯೂ ಆಯಿತು. ರೂಮಿನಿಂದ ಒಂದು ಸದ್ದೂ ಇಲ್ಲ. ಎಷ್ಟು ಒಳ್ಳೆಯ ನಾಯಿ ಅತ್ತಿಗೆ ಅಂತ ಸವಿತಾ ಹೊಗಳಿದಳು. ನಾಯಿ ಸದ್ದು ಮಾಡದೆ ಇದ್ದರೆ ಏನರ್ಥ ಎಂದು ನನಗಾದರೂ ಗೊತ್ತಿರಬೇಡವೇ?

ಬಾಗಿಲು ತೆಗೆದರೆ ಹಾಸಿಗೆ ಹೊಲಿಯುವ ಅಂಗಡಿಯ ಹಾಗೆ ರೂಮಿನ ತುಂಬ ಹತ್ತಿ. ನಡುವೆ ಬೋಂಡ, ಬಾಲ ಆಡಿಸುತ್ತಾ. ಬ್ಯಾಗಿನ ಜಿಪ್ಪು ಹರಿದಿತ್ತು. ಬಿಸ್ಕತ್ತು ಪ್ಯಾಕೆಟ್ಟಿನ ಕವರು ಮಾತ್ರ ಉಳಿದಿತ್ತು. ನನಗೆ ಮೊದಲು ನಗು ಬಂತು. ಫೋಟೋ ತೆಗೆಯಲು ಫೋನೂ ಎತ್ತಿದೆ. (ವಾರದ ಅಂಕಣ ಸಿಕ್ಕಿತು ಅಂತ ಖುಷಿ.) ಆಗ ಅವನ ಕಾಲ ಬಳಿ ಹೊಳೆಯುವ ಏನೋ ಕಂಡಿತು. ಎತ್ತಿಕೊಂಡೆ. ಜಗಿದು ಹರಿದ ಮಾತ್ರೆ ಪಟ್ಟಿ. ಹೆಸರಿದ್ದ ಜಾಗ ಹರಿದುಹೋಗಿತ್ತು, ಗುಳಿಗಳೆಲ್ಲ ಖಾಲಿ.

ನಾನು ಮಾತ್ರೆ ಇಟ್ಟೇ ಇರಲಿಲ್ಲವಲ್ಲ! ಮೊದಲು, ಹತ್ತಿಯ ಜೊತೆ ಮಾತ್ರೆಯನ್ನೂ ಸೇರಿಸಿಬಿಟ್ಟಿದ್ದಾನೆ ಎಂದು ಮೆಡಿಕಲ್ ಶಾಪಿನವನನ್ನು ಬೈದೆ. ಆಮೇಲೆ, ನಿಮ್ಮತ್ತೆಯ ಮಾತ್ರೆ ಇಲ್ಲೇನಾದರೂ ಬಿದ್ದಿತ್ತಾ ಎಂದು ಸವಿತಾಳನ್ನು ಕೇಳಿದೆ. ಪಾಪ, ಅವಳು ಗಾಬರಿಯಾಗಿ ಅತ್ತೆಯ ಡಬ್ಬಿ ತಂದು ತೋರಿಸಿದಳು. ಅದರಲ್ಲಿ ಎಲ್ಲಾ ಸರಿಯಾಗಿತ್ತು. ಅಷ್ಟರಲ್ಲಿ ಅವಳ ಅತ್ತೆ, ಭಯ ಮರೆತು, ವಾಂತಿ ಮಾಡಿಸಲು ಲೋಟದ ತುಂಬ ಉಪ್ಪುನೀರು ಕಲಸಿಕೊಂಡು ಬಂದರು.

ಬೋಂಡನ ಡಾಕ್ಟರಿಗೆ ಫೋನ್ ಮಾಡೋಣವೆಂದರೆ ನಂಬರು ಎಲ್ಲಿದೆ? ಬನ್ನಿಮಂಟಪದಲ್ಲಿ, ಬೀಗ ಹಾಕಿದ ಮನೆಯಲ್ಲಿ, ಫ್ರಿಜ್ಜಿನ ಬಾಗಿಲ ಮೇಲೆ. ದಪ್ಪ ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದೇನೆ, ದೂರದಿಂದಲೂ ಕಾಣಲಿ ಅಂತ. ಕಡಕೊಳದಿಂದ ಕಾಣಲಿಲ್ಲ.

ನಮ್ಮವರು ತಮ್ಮ ಫೋನಿನಿಂದ ಡಾಕ್ಟರಿಗೆ ಕರೆ ಮಾಡಿ ಸ್ಪೀಕರ್ ಹಾಕಿದರು. ಆ ನಂಬರು ಅವರ ಫೋನಿನಲ್ಲಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಡಾಕ್ಟರಮ್ಮ ಕೇಳಿದ್ದು ನೇರ ಪ್ರಶ್ನೆಗಳು. ಯಾವ ಮಾತ್ರೆ? ಎಷ್ಟು ತಿಂದಿರಬಹುದು? ಎಷ್ಟು ಹೊತ್ತಾಯಿತು? ನಾಯಿಯ ತೂಕ ಎಷ್ಟು? ಒಂದಕ್ಕಾದರೂ ನನ್ನಲ್ಲಿ ಉತ್ತರ ಇರಬೇಕಲ್ಲ. ಥರ್ಮಾಮೀಟರ್ ಇದೆ ಡಾಕ್ಟ್ರೇ ಅಂದೆ.

ಆಗ ನಮ್ಮವರು ನನ್ನ ಕಡೆ ನೋಡದೆ, ಫೋನಿನ ಕಡೆ ಬಾಗಿ ಹೇಳಿದರು.

"ಬಿ.ಪಿ. ಮಾತ್ರೆ ಡಾಕ್ಟ್ರೇ. ನಂದು."

ಮಾತ್ರೆಯ ಹೆಸರು ಹೇಳಿದರು. ಬೆಳಿಗ್ಗೆಯಷ್ಟೇ ಹೊಸ ಪಟ್ಟಿ ಒಡೆದದ್ದು, ತಾನು ನುಂಗಿದ್ದು ಒಂದು, ಉಳಿದದ್ದು ಇಷ್ಟು ಎಂದು ಲೆಕ್ಕ ಕೊಟ್ಟರು. ಉಪ್ಪುನೀರು, ಹಾಲು, ಮಜ್ಜಿಗೆ ಏನೂ ಕುಡಿಸಬೇಡಿ, ನಾಯಿಗೆ ಬಿ.ಪಿ. ತೀರಾ ಇಳಿದುಹೋಗಬಹುದು, ಸೀದಾ ಕರೆದುಕೊಂಡು ಬನ್ನಿ ಎಂದು ಡಾಕ್ಟರಮ್ಮ ಫೋನಿಟ್ಟರು. ಸವಿತಾಳ ಅತ್ತೆ ಲೋಟ ಕೆಳಗಿಟ್ಟರು. ನಾನು ಬೋಂಡನನ್ನು ಎತ್ತಿಕೊಂಡು ಕಾರಿನ ಕಡೆ ಓಡಿದೆ.

ನಂಜನಗೂಡು ರಸ್ತೆಯಲ್ಲಿ ಕಾರು ಮೈಸೂರಿನ ಕಡೆ ಹಾರಿತು. ನಮ್ಮವರ ಕೈಯಲ್ಲಿ ಸ್ಟಿಯರಿಂಗು, ನನ್ನ ತೊಡೆಯ ಮೇಲೆ ಬೋಂಡನ ತಲೆ. ಅವನ ಉಸಿರು ಎಣಿಸಿದೆ, ತುಟಿ ಎತ್ತಿ ವಸಡು ನೋಡಿದೆ. ಆಮೇಲೆ ನನಗೇ ಗೊತ್ತಿಲ್ಲದೆ ಡ್ರೈವರ್ ಸೀಟಿನ ಕಡೆ ನೋಡತೊಡಗಿದೆ. ಕುತ್ತಿಗೆಯ ಮೇಲೆ ಬೆವರು ಯಾಕೆ? ಮುಖ ಕೆಂಪಗಿದೆಯಾ, ಅಥವಾ ಬಿಸಿಲಿಗಾ? ಈ ಮನುಷ್ಯ ಈಗ ಕಾರು ಓಡಿಸಬಹುದಾ? ಇದನ್ನು ನಾನು ಯಾವ ವಿಡಿಯೋದಲ್ಲೂ ಕಲಿತಿರಲಿಲ್ಲ.

"ನನ್ನ ನೋಡ್ಬೇಡ, ಅವನ್ನ ನೋಡು," ಅಂದರು, ಕನ್ನಡಿಯಲ್ಲಿ.

ಬೋಂಡ ಸುಸ್ತಾಗಿ ಕಣ್ಣು ಮುಚ್ಚುತ್ತಿದ್ದ. ಹೆಸರು ಹಿಡಿದು ಕರೆದರೆ ಬಾಲ ಒಂದು ಸಲ ಅಲ್ಲಾಡುತ್ತಿತ್ತು, ಅಷ್ಟೇ. ನನಗೆ ಅಳು ಬಂತು. ಯಾರಿಗಾಗಿ ಅಂತ ಆಗ ಸರಿಯಾಗಿ ಗೊತ್ತಾಗಲಿಲ್ಲ.

ಕ್ಲಿನಿಕ್ಕಿನಲ್ಲಿ ಮೊದಲು ತೂಕಕ್ಕೆ ನಿಲ್ಲಿಸಿದರು. ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚಿದ್ದ. (ತೂಕದ ಯಂತ್ರದ ಮುಂದೆ ನನಗೆ ಮೊದಲಿನಿಂದಲೂ ಈ ಕಷ್ಟ.) ಇಂಜೆಕ್ಷನ್ ಆಯಿತು, ವಾಂತಿ ಆಯಿತು. ಬಿಸ್ಕತ್ತು, ಹತ್ತಿ, ಬಿಳಿ ಬಿಳಿ ಮಾತ್ರೆ ಚೂರುಗಳು, ಸವಿತಾಳ ಮನೆಯ ಕಾಲೊರೆಸಿನ ಒಂದು ತುಂಡು, ಎಲ್ಲಾ ಬಂತು. ಡ್ರಿಪ್ ಹಾಕಿದರು. ಕಾಲಿಗೆ ಪುಟ್ಟ ಪಟ್ಟಿ ಸುತ್ತಿ ಮತ್ತೆ ಮತ್ತೆ ಬಿ.ಪಿ. ನೋಡಿದರು. ಮೊದಲು ಇಳಿಯಿತು. ಡಾಕ್ಟರಮ್ಮ ಡ್ರಿಪ್ಪಿನ ವೇಗ ಹೆಚ್ಚಿಸಿದರು. ಆಮೇಲೆ ನಿಧಾನವಾಗಿ ಏರಿತು.

ಇನ್ನು ಪರವಾಗಿಲ್ಲ ಅನ್ನಿಸಿದ ಮೇಲೆ ಡಾಕ್ಟರಮ್ಮ ನನ್ನನ್ನು ಕೇಳಿದ್ದು ಒಂದೇ. ನಾಯಿಯ ಔಷಧಿ ಬ್ಯಾಗಿನಲ್ಲಿ ನಾಯಿಯ ತಿಂಡಿ ಇಟ್ಟವರು ಯಾರು ಮೇಡಂ? ನಾನು ಗೋಡೆಯ ಮೇಲಿದ್ದ ಬೆಕ್ಕಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ. ನನ್ನ ಗಂಡನ ಬಿ.ಪಿ.ಯನ್ನೂ ಒಮ್ಮೆ ನೋಡಿಬಿಡಿ ಅಂದದ್ದಕ್ಕೆ, ನಾಯಿಯ ಪಟ್ಟಿ ಅವರ ತೋಳಿಗೆ ಸಾಲುವುದಿಲ್ಲ, ಮನುಷ್ಯರ ಡಾಕ್ಟರ ಹತ್ತಿರ ಹೋಗಿ ಎಂದು ನಕ್ಕರು.

ಡ್ರಿಪ್ ಮುಗಿಯುವವರೆಗೆ ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ ಕೂತೆವು. ಯಾವಾಗಿನಿಂದ ಅಂತ ಕೇಳಿದೆ. ದಸರಾ ಮುಗಿದ ಮೇಲೆ ಫ್ಯಾಕ್ಟರಿಯಲ್ಲಿ ಮೆಡಿಕಲ್ ಚೆಕಪ್ ಇತ್ತಂತೆ, ಆಗಿನಿಂದ. ಅಂದರೆ ಹಾಲ್‌ನಲ್ಲಿ ಮಲಗಿಸಿ ನಾಡಿ ನೋಡಿ ನಾರ್ಮಲ್ ಅಂದೆನಲ್ಲ, ಆಗಲೂ ಇತ್ತು.

ಅಲ್ಲ ಕಣ್ರೀ, ಅಷ್ಟು ಜಾಗ ಇರುವ ಮನೆಯಲ್ಲಿ ನಾಯಿ ಬ್ಯಾಗಿನಲ್ಲಿ ಯಾಕೆ ಬಚ್ಚಿಟ್ಟಿರಿ ಎಂದು ರೇಗಿದೆ.

"ಬಚ್ಚಿಡಕ್ಕಲ್ಲ ಕಣೇ. ದಿನಾ ಷರ್ಟ್ ಜೇಬಲ್ಲೇ ಇರೋದು. ಆಚೆ ಹೋದಾಗ ಮಾತ್ರ ಬ್ಯಾಗಿನ ಸೈಡ್ ಜಿಪ್ಪಲ್ಲಿ ಹಾಕ್ತಿದ್ದೆ. ನಾನು ಎಲ್ಲಾದ್ರೂ ಬಿದ್ದೋದ್ರೆ, ನೀನು ಏನು ಮರೆತ್ರೂ ಆ ಬ್ಯಾಗ್ ಮಾತ್ರ ಹತ್ರ ಇರುತ್ತಲ್ಲ."

ರೇಗುವುದನ್ನು ಬಿಟ್ಟು ಅವರ ಪಕ್ಕಕ್ಕೆ ಸರಿದು ಕೂತೆ. (ಅಪರೂಪ, ಗೊತ್ತು.) ಆಮೇಲೆ ಕೇಳಿದೆ, ನನಗೆ ಯಾಕೆ ಹೇಳಲಿಲ್ಲ?

"ಹೇಳಿದ್ರೆ ಬರೆದ್ಬುಡ್ತಿದ್ದೆ," ಅಂದರು.

ಬೈದು ಹೇಳಿದ್ದರೆ ಜಗಳ ಆಡಬಹುದಿತ್ತು. ಸಾಂಬಾರಿಗೆ ಉಪ್ಪು ಕಡಿಮೆ ಅನ್ನುವಷ್ಟು ಸಾದಾ ಹೇಳಿದರು. ಯೋಚಿಸಿದರೆ ಸುಳ್ಳೂ ಅಲ್ಲ. ಅವರ ಗೊರಕೆಯ ಬಗ್ಗೆ ಬರೆದಿದ್ದೇನೆ, ನೀವು ನಕ್ಕಿದ್ದೀರಿ. ಅವರು ಗುಟ್ಟಾಗಿ ಕೂದಲಿಗೆ ಬಣ್ಣ ಹಚ್ಚುವುದನ್ನು ಬರೆದಿದ್ದೇನೆ, ಇನ್ನೂ ಹೆಚ್ಚು ನಕ್ಕಿದ್ದೀರಿ. ಅದು ಪೇಪರಿನಲ್ಲಿ ಬಂದ ಮೇಲಿನ ಸೋಮವಾರ ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯುರಿಟಿಯವನು, ಸಾರ್ ಯಾವ ಬ್ರ್ಯಾಂಡು ಅಂತ ಕೇಳಿದನಂತೆ. ಅದನ್ನು ಮನೆಗೆ ಬಂದು ಹೇಳಿದರು. ನಾನು ಅದನ್ನೂ ಬರೆದೆ.

ಬೋಂಡನಿಗೆ ಮಾತು ಬರುವುದಿಲ್ಲ, ನೋವಾದರೆ ಹೇಳಲಾರ ಎಂದು ಅವನ ಕಣ್ಣು, ಕಿವಿ, ವಸಡು ಎಲ್ಲವನ್ನೂ ದಿನಾ ನೋಡುತ್ತೇನೆ. ಮಾತು ಬರುವವರು ತಾವೇ ಹೇಳುತ್ತಾರೆ ಎಂದು ಸುಮ್ಮನಿದ್ದೆ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಮಾತು ಬಂದರೆ ಸಾಲದು, ಹೇಳಿದ್ದು ಕೇಳಿದವರಲ್ಲೇ ಉಳಿಯುತ್ತದೆ ಅನ್ನುವ ಧೈರ್ಯವೂ ಬೇಕು. ಅದನ್ನು ನಾನು ಅವರಿಗೆ ಯಾವತ್ತಾದರೂ ಕೊಟ್ಟಿದ್ದೇನಾ?

ಬೋಂಡ ಈಗ ಗೆಲುವಾಗಿದ್ದಾನೆ, ನಿನ್ನೆ ಒಂದು ಪೊರಕೆ ಮುಗಿಸಿದ. ನಮ್ಮವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಬಿ.ಪಿ. ಹತೋಟಿಯಲ್ಲಿದೆಯಂತೆ. ಮನೆಗೆ ಬಂದ ಮೇಲೆ, ಈ ವಾರ ಇದನ್ನು ಬರೆಯಲಾ ಎಂದು ಮೊದಲ ಬಾರಿಗೆ ಅವರ ಅಪ್ಪಣೆ ಕೇಳಿದೆ. ಬೇಡ ಅನ್ನಲಿಲ್ಲ. ಬರೆದುಕೋ ಅಂದು, ಬೋಂಡನ ಸರಪಳಿ ಹಿಡಿದು ವಾಕಿಂಗ್ ಹೊರಟರು.

ಬರೆದಿದ್ದೇನೆ. ಈಗ ನೀವೇ ಹೇಳಿ, ನಾಳೆ ಅವರಿಗೆ ಎದೆನೋವು ಬಂದರೆ ನನ್ನನ್ನು ಕರೆಯುತ್ತಾರಾ?