ಎದುರಿನವರ ಕಣ್ಣು

ಮುಧೋಳದಲ್ಲಿ ಗಾಡಿಗಳಿಗೆ ದೀಪ ಕೂಡಿಸುವ ಮಿಸ್ತ್ರಿಯೊಬ್ಬರಿದ್ದರು. ಯಾವ ಗಾಡಿ ಬಂದರೂ ಕೈ ಒರೆಸಿಕೊಳ್ಳುತ್ತ ಒಂದೇ ಮಾತು ಕೇಳುತ್ತಿದ್ದರು: "ಎದುರ ಬರಾವ್ರ ಗತಿ ಏನ್ರಿ?"

ನಿಮ್ಮ ಅಜ್ಜ ಬನಹಟ್ಟಿಯಿಂದ ಸೀರೆಯ ಗಂಟು ಸಾಗಿಸುತ್ತಿದ್ದ ಪಿಕಪ್‌ಗೆ ಬಿಳಿ ದೀಪ ಹಾಕಿಸಲು ಹೊರಟ ದಿನ ನಾನೂ ಜೊತೆಗಿದ್ದೆ. ಅವರಿಗೆ ಗಾಡಿ ಚಂದ ಕಾಣಬೇಕು. ನನಗೋ, ಕತ್ತಲಲ್ಲಿ ಅವರು ಕಬ್ಬಿನ ಚಕ್ಕಡಿಗೆ ಗುದ್ದಿಬಿಟ್ಟಾರೆಂಬ ಅಂಜಿಕೆ.

ದೀಪ ಕೂಡಿಸಿದ ಮೇಲೂ, ಬೆಳಕಿನ ಮಟ್ಟ ನೋಡುವವರೆಗೆ ಗಾಡಿಯಲ್ಲಿದ್ದ ಗಂಟು ಇಳಿಸಲು ಮಿಸ್ತ್ರಿ ಬಿಡಲಿಲ್ಲ. "ಹೇರ ಇದ್ರ ಗಾಡಿ ಮೂತಿ ಮ್ಯಾಲ ಏಳತೈತ್ರಿ. ಖಾಲಿ ಗಾಡಿ ನೋಡಿ ಕೂಡ್ಸಿದ್ರ ಬೆಳಕ ಎದುರಿನವ್ರ ಕಣ್ಣಾಗ ಹೋಗತೈತಿ" ಎಂದು ನನ್ನತ್ತ ತಿರುಗಿದರು. "ಅಕ್ಕಾರ, ಮುಂದ ನಿಂದರ್ರಿ. ಕಣ್ಣಿಗೆ ಬಡದ್ರ ಹೇಳ್ರಿ."

ಗಂಡಸರ ಮುಂದೆ ನಾನು ಬಾಯಿ ಬಿಟ್ಟವಳಲ್ಲ. ಮುಖದ ಮೇಲೆ ಸೆರಗು ಎಳೆದುಕೊಂಡು ನಿಂತೆ.

"ಬಡಿಯೂದಿಲ್ರಿ."

"ಸೆರಗ ಸರಸ್ರಿ ಅಕ್ಕಾರ. ಚಕ್ಕಡಿ ಹೊಡಿಯಾಂವಗ ಸೆರಗ ಇರೂದಿಲ್ಲ!"

ಅಜ್ಜ ಜೋರಾಗಿ ನಕ್ಕರು. ನಾಚುತ್ತಲೇ ಸೆರಗು ಸರಿಸಿದೆ. ಕಣ್ಣು ಕುಕ್ಕಿತು.

"ಬಡಿತೈತ್ರಿ."

"ಛಲೋ ಐತಿ ಬಿಡೋ ಮಾರಾಯಾ" ಎಂದರು ಅಜ್ಜ.

"ಕಣ್ಣ ಅವ್ರವು, ನಿಮ್ಮವಲ್ರಿ" ಎಂದು ಮಿಸ್ತ್ರಿ ದೀಪದ ತಿರುಪು ತಿರುಗಿಸಿ ಬೆಳಕು ತುಸು ತಗ್ಗಿಸಿದರು. "ಈಗ್ರಿ?"

"ಇನ್ನೊಂದೀಟ ಇಳಸ್ರಿ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಅಂದಿನಿಂದ ಸಂಜೆ ಗಾಡಿ ಓಣಿಗೆ ತಿರುಗಿದಾಗ ಬೆಳಕು ನನ್ನ ಎದೆಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಅದರ ಹಿಂದೆ ನಿಮ್ಮ ಅಜ್ಜನ ಮುಖ ನನಗೆ ಚೆನ್ನಾಗಿ ಕಾಣುತ್ತಿತ್ತು.